ಗುಡಿ ಕಮಾನಿನ ಮಕರ: ನಮ್ಮ ಹೊಳೆಯ ಮೊಸಳೆ ಚೀನಾದವರೆಗೆ ಹೋದ ಕಥೆ

ಹಳೇ ಕಲ್ಲಿನ ಗುಡಿಗೆ ಹೋದಾಗ ನಾವೆಲ್ಲ ಮೊದಲು ನೋಡುವುದು ಮೂರ್ತಿಯನ್ನು. ಗಂಟೆ ಹೊಡೆದು, ಕೈ ಮುಗಿದು, ಕಾಯಿ ಒಡೆಸಿಕೊಂಡು ಹೊರಗೆ ಬರುತ್ತೇವೆ. ಮೂರ್ತಿಯ ಹಿಂದಿನ ಕಮಾನಿನ ಎರಡೂ ತುದಿಯಲ್ಲಿ ಬಾಯಿ ತೆರೆದು ಕೂತ ಪ್ರಾಣಿಯ ಕಡೆ ಕಣ್ಣು ಹಾಯಿಸುವವರು ಕಡಿಮೆ. ನೋಡಿದವರೂ 'ಇದೇನಪಾ, ಆನಿನೂ ಅಲ್ಲ, ಮೊಸಳಿನೂ ಅಲ್ಲ' ಅಂದು ಮುಂದೆ ಹೋಗುತ್ತಾರೆ. ಮೊಬೈಲ್ ಹಿಡಿದ ಹುಡುಗರಾದರೆ 'ಚೀನಾದ ಡ್ರ್ಯಾಗನ್ ಇದ್ದಂಗ ಐತಿ' ಅನ್ನುತ್ತಾರೆ.

ಹುಡುಗರ ಮಾತನ್ನು ನಕ್ಕು ತಳ್ಳಿ ಹಾಕಬೇಡಿ. ಈ ಪ್ರಾಣಿಗೂ ಚೀನಾಕ್ಕೂ ನಿಜವಾಗಿಯೂ ನಂಟಿದೆ. ಆದರೆ ಅದು ಚೀನಾದಿಂದ ಇಲ್ಲಿಗೆ ಬಂದದ್ದಲ್ಲ. ಇಲ್ಲಿಂದ ಅಲ್ಲಿಗೆ ಹೋದದ್ದು. ಹೆಸರು ಮಕರ. ಪ್ರತಿ ವರ್ಷ ಜನವರಿಯಲ್ಲಿ ಎಳ್ಳು ಹಚ್ಚಿಕೊಂಡು ಸ್ನಾನ ಮಾಡುವ ದಿನ ನಾವು ಬಾಯಿ ತುಂಬ ಹೇಳುವ ಹೆಸರೇ ಅದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕುಗಳ ಜನರಿಗೆ ಮಲಪ್ರಭಾ ಹೊಳೆ ಒಂದೇ. ಆ ಹೊಳೆಯ ದಂಡೆಯಲ್ಲೇ, ಸ್ವಲ್ಪ ಕೆಳಗೆ, ಕನ್ನಡ ನಾಡಿನ ಅತಿ ಚೆಂದದ ಮಕರಗಳನ್ನು ಕೆತ್ತಿದ್ದಾರೆ. ಹಾಗಾಗಿ ಈ ಪ್ರಾಣಿಯ ಇತಿಹಾಸ ನಮಗೆ ದೂರದ ಮಾತಲ್ಲ.

ಮಕರ ಅಂದರೆ ಯಾವ ಪ್ರಾಣಿ?

ಗುಡಿ ತೋರಿಸುವ ಗೈಡ್‌ಗಳನ್ನು ಕೇಳಿದರೆ ಒಂದು ಪಟ್ಟಿ ಹೇಳುತ್ತಾರೆ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಕಿವಿ, ಮಂಗನ ಕಣ್ಣು, ಸಿಂಹದ ಕಾಲು, ನವಿಲಿನ ಬಾಲ. ಬೇಲೂರು, ಹಳೇಬೀಡಿನ ಹೊಯ್ಸಳ ಗುಡಿಗಳ ಮಕರಕ್ಕೆ ಈ ಪಟ್ಟಿ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಗೋಡೆಯ ಕೆಳಗಿನ ಪಟ್ಟಿಕೆಗಳಲ್ಲಿ ಆನೆಗಳ ಸಾಲು, ಸಿಂಹಗಳ ಸಾಲು, ಕುದುರೆಗಳ ಸಾಲು ಇದ್ದ ಹಾಗೆ ಮಕರಗಳದ್ದೂ ಒಂದು ಸಾಲು ಇರುತ್ತದೆ. ಅದರ ಮೇಲೆ ಹಂಸಗಳ ಸಾಲು.

ಆದರೆ ಮಕರ ಮೊದಲಿನಿಂದಲೂ ಹೀಗೆ ಇರಲಿಲ್ಲ. ಹಿಂದೆ ಹಿಂದೆ ಹೋದಷ್ಟೂ ಅದು ನಿಜವಾದ ಮೊಸಳೆಗೆ ಹತ್ತಿರವಾಗುತ್ತದೆ. ಹಳೆಯ ಶಿಲ್ಪಗಳಲ್ಲಿ ಉದ್ದ ದವಡೆ, ಸಾಲು ಹಲ್ಲು, ಹುರುಪೆಯ ಮೈ, ಹಿಂದೆ ಮೀನಿನ ಬಾಲ. ಸೊಂಡಿಲು ಬೆಳೆದದ್ದು, ಬಾಲ ನವಿಲುಗರಿಯಂತೆ ಬಿಚ್ಚಿಕೊಂಡದ್ದು ನಂತರ.

ಮಾತೇ ಇದಕ್ಕೆ ಸಾಕ್ಷಿ. ಸಂಸ್ಕೃತದ 'ಮಕರ' ಹಿಂದಿಯಲ್ಲಿ 'ಮಗರ್' ಆಯಿತು. ಮಗರ್ ಅಂದರೆ ಮೊಸಳೆ. ಅದನ್ನೇ ಇಂಗ್ಲಿಷರು 'ಮಗ್ಗರ್' ಅಂದರು. ಕೃಷ್ಣಾ ಹೊಳೆಯಲ್ಲಿ, ದಾಂಡೇಲಿಯ ಕಾಳಿ ಹೊಳೆಯಲ್ಲಿ ಇರುವ ಸಿಹಿನೀರಿನ ಮೊಸಳೆಗೆ ಇವತ್ತಿಗೂ ಅರಣ್ಯ ಇಲಾಖೆಯವರು ಬಳಸುವ ಹೆಸರು ಮಗ್ಗರ್. ಹೊಳೆ ಬಂದಾಗ ರಾಯಬಾಗ, ಅಥಣಿ ಕಡೆ ಕಬ್ಬಿನ ಹೊಲಕ್ಕೆ ಹತ್ತಿ ಬಂದು ಸುದ್ದಿಯಾಗುತ್ತದಲ್ಲ, ಅದೇ. ಗುಡಿಯ ಕಮಾನಿನ ಮೇಲಿನ ಪ್ರಾಣಿಯ ಮುತ್ತಜ್ಜ ಅವನೇ.

ನಮ್ಮ ಕನ್ನಡಕ್ಕೆ ತನ್ನದೇ ಮಾತು ಇದ್ದವು. ಒಂದು ಮೊಸಳೆ. ಇನ್ನೊಂದು ಹಳಗನ್ನಡದ ನೆಗಳ್. ಹೊಳೆಯ ದಂಡೆಯಲ್ಲಿ ಬದುಕಿದ ಜನ ಆ ಪ್ರಾಣಿಗೆ ಹೆಸರಿಡಲು ಬೇರೆಯವರನ್ನು ಕೇಳಬೇಕಿರಲಿಲ್ಲ. ಮಕರ ಎಂಬ ಹೆಸರು ಬಂದದ್ದು ಪುರಾಣದ ಜೊತೆಗೆ, ಶಿಲ್ಪದ ಜೊತೆಗೆ. ಆದ್ದರಿಂದ ಕನ್ನಡದಲ್ಲಿ ಹೊಳೆಯಲ್ಲಿರುವುದು ಮೊಸಳೆ, ಗುಡಿಯಲ್ಲಿರುವುದು ಮಕರ ಎಂದು ಎರಡು ಪಾಲಾಯಿತು.

ಎಷ್ಟು ಹಳೆಯದು?

ಯಜುರ್ವೇದದಲ್ಲಿ ಅಶ್ವಮೇಧಕ್ಕೆ ಸಂಬಂಧಿಸಿದ ಪ್ರಾಣಿಗಳ ಉದ್ದನೆಯ ಪಟ್ಟಿಯೊಂದು ಬರುತ್ತದೆ. ಅದರಲ್ಲಿ ಮಕರದ ಹೆಸರಿದೆ. ಕಲ್ಲಿನಲ್ಲಿ ನೋಡಬೇಕೆಂದರೆ ಬಿಹಾರದ ಬರಾಬರ್ ಗುಡ್ಡದ ಲೋಮಸ ಋಷಿ ಗುಹೆಗೆ ಹೋಗಬೇಕು. ಅದು ಮೌರ್ಯರ ಕಾಲದ್ದು, ಅಂದರೆ ಕ್ರಿ.ಪೂ. 3ನೇ ಶತಮಾನ. ಆ ಗುಹೆಯ ಬಾಗಿಲ ಮೇಲೆ ಕಮಾನು, ಕಮಾನಿನಲ್ಲಿ ಆನೆಗಳ ಸಾಲು, ಎರಡೂ ತುದಿಗೆ ಒಂದೊಂದು ಮಕರ. ಗಮನಿಸಿ, ಬಾಗಿಲು, ಕಮಾನು, ತುದಿಯಲ್ಲಿ ಮಕರ ಎಂಬ ಲೆಕ್ಕ ಆಗಲೇ ಕೂಡಿಬಂದಿದೆ. ಸುಮಾರು 2,200 ವರ್ಷದ ಹಿಂದೆ ಶುರುವಾದ ಆ ಲೆಕ್ಕವನ್ನೇ ನಮ್ಮೂರ ಪಲ್ಲಕ್ಕಿಯ ಉತ್ಸವಮೂರ್ತಿಯ ಹಿಂದಿನ ಬೆಳ್ಳಿ ಪ್ರಭಾವಳಿಯಲ್ಲಿ ಅಕ್ಕಸಾಲಿಗರು ಇಂದಿಗೂ ಹಿಡಿಯುತ್ತಾರೆ.

ಅದಾದ ಮೇಲೆ ಮಧ್ಯಪ್ರದೇಶದ ಭಾರ್ಹುತ್ ಮತ್ತು ಸಾಂಚಿಯ ಬೌದ್ಧ ಸ್ತೂಪಗಳಲ್ಲಿ ಮಕರ ಸಿಗುತ್ತದೆ. ಭಾರ್ಹುತ್‌ನ ಒಂದು ಕೆತ್ತನೆಯಲ್ಲಿ ಸಮುದ್ರದ ಮಹಾಪ್ರಾಣಿಯೊಂದು ಬಾಯಿ ತೆರೆದು ಹಡಗನ್ನೇ ನುಂಗುತ್ತಿದೆ. ಅದರ ಬಳಿ ಬ್ರಾಹ್ಮಿ ಲಿಪಿಯಲ್ಲಿ ಬರಹವಿದೆ. ವಸುಗುಪ್ತ ಎಂಬವನನ್ನು ತಿಮಿತಿಮಿಂಗಲದ ಹೊಟ್ಟೆಯಿಂದ ಮಹಾದೇವ ಬಿಡಿಸಿದ ಎಂಬುದು ಅದರ ತಾತ್ಪರ್ಯ. ನಾವು ಇಂದು ಹೇಳುವ 'ತಿಮಿಂಗಿಲ' ಇದೇ ಮಾತು.

ನೀರಿನ ದೇವರಾದ ವರುಣನಿಗೆ ಮಕರ ವಾಹನ. ಗಂಗೆಗೂ ಮಕರವೇ ವಾಹನ, ಯಮುನೆಗೆ ಆಮೆ. ಕಾಮನ ಬಾವುಟದಲ್ಲಿ ಮಕರ, ಅದಕ್ಕೇ ಅವನು ಮಕರಧ್ವಜ. ವಿಷ್ಣುವಿನ ಕಿವಿಯಲ್ಲಿ ಮಕರಕುಂಡಲ. ಭಗವದ್ಗೀತೆಯಲ್ಲಿ ಕೃಷ್ಣ ತಾನು ಯಾವುದರಲ್ಲಿ ಯಾವುದು ಎಂದು ಹೇಳುತ್ತ ಹೋಗುವಾಗ ಜಲಚರಗಳಲ್ಲಿ ಮಕರ, ಹೊಳೆಗಳಲ್ಲಿ ಗಂಗೆ ಎನ್ನುತ್ತಾನೆ. ಇನ್ನು ಗಜೇಂದ್ರ ಮೋಕ್ಷದ ಕಥೆ ಎಲ್ಲರಿಗೂ ಗೊತ್ತು. ಕೆರೆಗಿಳಿದ ಆನೆಯ ಕಾಲನ್ನು ಹಿಡಿದದ್ದು ಇದೇ ಪ್ರಾಣಿ.

ಒಂದೇ ಪ್ರಾಣಿ ಒಂದು ಕಡೆ ದೇವರ ವಾಹನ, ಇನ್ನೊಂದು ಕಡೆ ಕಾಲು ಹಿಡಿದು ಎಳೆಯುವ ಹಗೆ. ಇದರಲ್ಲಿ ಗೊಂದಲವೇನಿಲ್ಲ. ನೀರು ಹಾಗೇ ಇದೆ.

ಸಂಕ್ರಾಂತಿಯ ಮಕರ

ಈಗ ರಾಶಿಯ ಮಕರಕ್ಕೆ ಬರೋಣ. ಹನ್ನೆರಡು ರಾಶಿಗಳ ಚಿತ್ರಗಳು ಮೊದಲು ಹುಟ್ಟಿದ್ದು ಇಂದಿನ ಇರಾಕ್ ಇರುವ ಜಾಗದ ಬ್ಯಾಬಿಲೋನಿಯಾದಲ್ಲಿ. ಅಲ್ಲಿಯ ಜನ ಈ ರಾಶಿಗೆ ಮುಂದೆ ಆಡು, ಹಿಂದೆ ಮೀನು ಇರುವ ಪ್ರಾಣಿಯನ್ನು ಬರೆದಿದ್ದರು. ಅದು ಅವರ ಸಿಹಿನೀರಿನ ದೇವರಾದ 'ಇಯಾ'ನ ಪ್ರಾಣಿ. ಅವರಿಂದ ಗ್ರೀಕರು ಕಲಿತರು. ಗ್ರೀಕರ ಜ್ಯೋತಿಷ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಇಲ್ಲಿಗೆ ಬಂತು. ಅದಕ್ಕೆ ಗುರುತಾಗಿ 'ಯವನಜಾತಕ' ಎಂಬ ಸಂಸ್ಕೃತ ಗ್ರಂಥವೇ ಇದೆ. ಯವನ ಅಂದರೆ ಗ್ರೀಕ.

ಆಡು ಮೀನು ಕೂಡಿದ ಪ್ರಾಣಿ ನಮ್ಮವರಿಗೆ ಹೊಸದು. ಆದರೆ ನೆಲದ ಪ್ರಾಣಿ, ನೀರಿನ ಪ್ರಾಣಿ ಎರಡೂ ಕೂಡಿದ ನೀರಿನ ದೇವರ ವಾಹನ ಅವರ ಬಳಿ ಆಗಲೇ ಇತ್ತು. ಅದನ್ನೇ ಆ ಜಾಗದಲ್ಲಿ ಕೂರಿಸಿದರು. ಹೀಗೆ ಬ್ಯಾಬಿಲೋನಿಯಾದ ಆಡುಮೀನು ನಮ್ಮಲ್ಲಿ ಮಕರ ರಾಶಿಯಾಯಿತು. ಭೋಗಿಯ ದಿನ ಸಜ್ಜಿ ರೊಟ್ಟಿ ಕಟ್ಟಿ, ಮರುದಿನ ಹೊಳೆಗೆ ಹೋಗಿ ಮುಳುಗು ಹಾಕಿ, ದಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿ ಉಂಡು, ಕುಸುರೆಳ್ಳು ಹಂಚಿ ಬರುವ ನಮ್ಮ ಹಬ್ಬದ ಹೆಸರಿನಲ್ಲಿ ಮೂರು ನಾಡುಗಳ ನೀರಿನ ಪ್ರಾಣಿಗಳಿವೆ.

ಮಲಪ್ರಭೆಯ ದಂಡೆಗೆ ಬಂದದ್ದು

ಮಲಪ್ರಭಾ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಡುವೆ ನವಿಲುತೀರ್ಥ, ಮುನವಳ್ಳಿ, ರಾಮದುರ್ಗ ದಾಟಿದ ಮೇಲೆ ಬಾದಾಮಿ ಸೀಮೆ ಬರುತ್ತದೆ. ಚಾಲುಕ್ಯರು 6ನೇ ಶತಮಾನದಲ್ಲಿ ರಾಜ್ಯ ಕಟ್ಟಿದ್ದು ಅಲ್ಲಿ. ಬಾದಾಮಿಯ ಮೂರನೇ ಗುಹೆಯ ಶಾಸನ 578ನೇ ಇಸವಿಯದ್ದು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದಳು. ಆ ಗುಡಿಯ ಹೊರಗೋಡೆಯ ಗೂಡುಗಳ ಮೇಲಿನ ಮಕರತೋರಣ ನೋಡಿ ಬನ್ನಿ. ಎರಡು ಕಡೆ ಎರಡು ಮಕರ ಬಾಯಿ ತೆರೆದಿವೆ, ಆ ಬಾಯಿಂದ ಬಳ್ಳಿಯೋ ನೀರಿನ ಸುಳಿಯೋ ಅನ್ನುವ ಹಾಗೆ ಕಮಾನು ಹೊರಟು ಮೇಲೆ ಕೂಡಿದೆ.

ಚಾಲುಕ್ಯರಿಗೆ ಇದು ಬರೀ ಅಲಂಕಾರವಾಗಿರಲಿಲ್ಲ. ಅವರ ಲಾಂಛನ ವರಾಹ ಎಂಬುದು ಶಾಲೆಯ ಪುಸ್ತಕದಲ್ಲೇ ಇದೆ. ಅವರ ಕವಲಾದ ಪೂರ್ವ ಚಾಲುಕ್ಯರ ತಾಮ್ರಶಾಸನಗಳು ರಾಜಚಿಹ್ನೆಗಳ ಪಟ್ಟಿ ಕೊಡುವಾಗ ಬಿಳಿ ಕೊಡೆ, ಸಿಂಹಾಸನ, ಗಂಗಾ ಯಮುನಾ ಇವುಗಳ ಜೊತೆ ಮಕರತೋರಣವನ್ನೂ ಎಣಿಸುತ್ತವೆ. ನೀರಿನ ಮೇಲೆ ಹಿಡಿತ ಇದ್ದವನು ರಾಜ. ಅದನ್ನು ಹೇಳುವ ಗುರುತು ಮಕರ.

ಚಾಲುಕ್ಯರ ನಂತರವೂ ಈ ಸೀಮೆಯಲ್ಲಿ ಉಳಿಯ ಸದ್ದು ನಿಲ್ಲಲಿಲ್ಲ. ಸುಗಂಧವರ್ತಿ ಎಂಬ ಹಳೆ ಹೆಸರಿನ ಸವದತ್ತಿಯಲ್ಲಿ ರಟ್ಟರು ಆಳಿದರು. ಸವದತ್ತಿ ಹತ್ತಿರದ ಹೂಲಿಯಲ್ಲಿ ಪಂಚಲಿಂಗೇಶ್ವರ ಗುಡಿ ಇದೆ, ರಾಮದುರ್ಗ ಕಡೆಯ ತೊರಗಲ್ಲಿನಲ್ಲಿ ಭೂತನಾಥ ಗುಡಿ ಇದೆ. ಕಿತ್ತೂರಿನಿಂದ ಸ್ವಲ್ಪವೇ ದೂರದ ದೇಗಾಂವದಲ್ಲಿ ಗೋವೆಯ ಕದಂಬರ ಪೆರ್ಮಾಡಿಯ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ ಇದೆ. ಈ ಗುಡಿಗಳಿಗೆ ಹೋದಾಗ ಬಾಗಿಲವಾಡ, ಮೂರ್ತಿಯ ಪ್ರಭಾವಳಿ, ಅಭಿಷೇಕದ ನೀರು ಹೊರಗೆ ಬೀಳುವ ಕಲ್ಲಿನ ಬಾಯಿ, ಈ ಮೂರು ಜಾಗ ತಪ್ಪದೆ ನೋಡಿ. ಶಿಲ್ಪಿಗಳು ಮಕರವನ್ನು ಕೂರಿಸುತ್ತಿದ್ದದ್ದು ಹೆಚ್ಚಾಗಿ ಇಂಥ ಜಾಗಗಳಲ್ಲಿ.

ಯಾಕೆ ಇಂಥ ಜಾಗ? ಬಾಗಿಲು ಅಂದರೆ ಹೊರಗಿನಿಂದ ಒಳಗೆ ದಾಟುವ ಗೆರೆ. ಹೊಳೆ ದಾಟಿದ ಹಾಗೆಯೇ. ಗಂಗೆ ಮಕರದ ಮೇಲೆ ನಿಂತು, ಯಮುನೆ ಆಮೆಯ ಮೇಲೆ ನಿಂತು ಬಾಗಿಲ ಎರಡು ಕಡೆ ಕಾಯುತ್ತಾರೆ. ಅವರ ನಡುವೆ ಒಳಗೆ ಹೋದವನು ಎರಡು ಹೊಳೆಯಲ್ಲಿ ಮಿಂದ ಲೆಕ್ಕ. ಇನ್ನು ಸೊಂಡಿಲಿನ ವಿಚಾರ. ನಮ್ಮ ಪುರಾಣಗಳಲ್ಲಿ ಆನೆ ಎಂದರೆ ಮೋಡ. ಇಂದ್ರನ ಐರಾವತ ಮಳೆಯ ಜೊತೆಗಾರ. ಮೊಸಳೆ ಹೊಳೆಯ ನೀರು, ಆನೆ ಮುಗಿಲಿನ ನೀರು. ಎರಡೂ ಕೂಡಿದರೆ ಮಕರ. ನೀರು, ಯಕ್ಷರು, ಮಕರ ಇವುಗಳ ನಂಟಿನ ಬಗ್ಗೆ ಆನಂದ ಕುಮಾರಸ್ವಾಮಿ 1928 ಮತ್ತು 1931ರಲ್ಲಿ 'ಯಕ್ಷಾಸ್' ಎಂಬ ಎರಡು ಭಾಗದ ಪುಸ್ತಕವನ್ನೇ ಬರೆದರು.

ಚೀನಾಕ್ಕೆ ಹೋದದ್ದು

ಬೌದ್ಧ ಭಿಕ್ಷುಗಳು ಮತ್ತು ವ್ಯಾಪಾರಿಗಳು ಒಂದೇ ದಾರಿಯಲ್ಲಿ ನಡೆದವರು. ಸಂಸ್ಕೃತ, ಪಾಲಿ ಗ್ರಂಥಗಳು ಚೀನೀ ಭಾಷೆಗೆ ಹೋದಾಗ ಮಕರ ಎಂಬ ಮಾತಿಗೆ ಅಲ್ಲಿ ಸರಿಯಾದ ಮಾತು ಸಿಗಲಿಲ್ಲ. ಹಾಗಾಗಿ ಉಚ್ಚಾರವನ್ನೇ ತಿರುಗಿಸಿ ಬರೆದುಕೊಂಡರು. ಇಂದಿನ ಚೀನೀ ಉಚ್ಚಾರದಲ್ಲಿ ಅದು 'ಮೋಜಿಯೆ'.

ಹ್ಯೂಯೆನ್ ತ್ಸಾಂಗ್ ನಮಗೆ ಗೊತ್ತಿರುವ ಹೆಸರು. 7ನೇ ಶತಮಾನದಲ್ಲಿ ಚೀನಾದಿಂದ ಬಂದು, ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆ ಬರೆದವನು. ಅವನ ಪ್ರವಾಸದ ಪುಸ್ತಕ ಮುಗಿದದ್ದು 646ರಲ್ಲಿ. ಅದರಲ್ಲಿ ಸಮುದ್ರದ ಮಧ್ಯೆ ದಾರಿ ತಪ್ಪಿದ ವ್ಯಾಪಾರಿಗಳ ಕಥೆ ಬರುತ್ತದೆ. ಅವರಿಗೆ ದೂರದಲ್ಲಿ ಬೆಟ್ಟ ಕಾಣುತ್ತದೆ, ಆಕಾಶದಲ್ಲಿ ಇದ್ದಕ್ಕಿದ್ದಂತೆ ಎರಡು ಸೂರ್ಯ ಕಾಣುತ್ತವೆ. ಅದು ಬೆಟ್ಟವಲ್ಲ, ಮಕರ. ಎರಡು ಸೂರ್ಯ ಅದರ ಎರಡು ಕಣ್ಣು. ಅವಲೋಕಿತೇಶ್ವರನನ್ನು ನೆನೆದ ಮೇಲೆ ಅವರು ಉಳಿಯುತ್ತಾರೆ. ಭಾರ್ಹುತ್‌ನ ವಸುಗುಪ್ತನ ಕಥೆ ನೆನಪಾಯಿತೇ? ಹಡಗು, ದೊಡ್ಡ ಬಾಯಿ, ದೇವರ ಹೆಸರು, ಬಿಡುಗಡೆ. ದೇವರ ಹೆಸರು ಮಾತ್ರ ಬದಲು.

ಮುಂದೆ ಮೋಜಿಯೆ ಚೀನಾದಲ್ಲಿ ಊರಿನವನೇ ಆದ. ತಾಂಗ್ ರಾಜರ ಕಾಲದ ಬೆಳ್ಳಿ ತಟ್ಟೆಗಳ ನಡುವೆ ಈಜುವ ಮೋಜಿಯೆ ಇದೆ. ಲಿಯಾವ್ ರಾಜರ ಕಾಲದ, ಅಂದರೆ 10, 11ನೇ ಶತಮಾನದ ಬಂಗಾರದ ಕಿವಿಯೋಲೆಗಳು ಮೋಜಿಯೆ ಆಕಾರದಲ್ಲಿವೆ. ಇಲ್ಲಿ ವಿಷ್ಣುವಿಗೆ ಮಕರಕುಂಡಲ ಕೆತ್ತುತ್ತಿದ್ದ ಕಾಲಕ್ಕೇ ಅಲ್ಲಿ ಜನ ಅದನ್ನು ಕಿವಿಗೆ ಹಾಕಿಕೊಂಡಿದ್ದರು.

ಚೀನಾದ ಹಳೆ ಅರಮನೆಗಳ ಮಾಳಿಗೆಯ ನೆತ್ತಿಯ ಎರಡು ತುದಿಗೆ ಬಾಯಿ ತೆರೆದ, ಮೀನಿನ ಬಾಲದ ಪ್ರಾಣಿ ಕೂತಿರುತ್ತದೆ. ಅದರ ಹೆಸರು ಚಿವೆನ್. ಹಾನ್ ರಾಜರ ಕಾಲದಲ್ಲಿ ಒಂದು ದೊಡ್ಡ ಕಟ್ಟಡ ಸುಟ್ಟುಹೋಯಿತು, ಆಗ ದಕ್ಷಿಣದ ಮಂತ್ರವಾದಿಯೊಬ್ಬ ಸಮುದ್ರದಲ್ಲಿ ಅಲೆ ಎಬ್ಬಿಸಿ ಮಳೆ ತರಿಸುವ ಮೀನೊಂದಿದೆ, ಅದರ ರೂಪವನ್ನು ಮಾಳಿಗೆಗೆ ಇಟ್ಟರೆ ಬೆಂಕಿ ತಾಗುವುದಿಲ್ಲ ಎಂದ ಎಂಬುದು ಅವರ ಕಥೆ. ಚಿವೆನ್‌ನ ರೂಪದಲ್ಲಿ ಮಕರದ ನೆರಳಿದೆ ಎಂದು ಹೇಳುವ ವಿದ್ವಾಂಸರಿದ್ದಾರೆ. ಜಾಗವೂ ಅದೇ ಅಲ್ಲವೇ, ಎರಡು ತುದಿ, ಎರಡು ಬಾಯಿ.

ಹಾಗಂತ ಚೀನಾದ ನೀರಿನ ಪ್ರಾಣಿಗಳೆಲ್ಲ ನಮ್ಮವೇ ಎಂದು ಎದೆ ಉಬ್ಬಿಸಬೇಕಿಲ್ಲ. ಅವರಿಗೆ ತಮ್ಮದೇ ಹೊಳೆ, ತಮ್ಮದೇ ಮೊಸಳೆ, ತಮ್ಮದೇ ಭಯ ಇದ್ದವು. ಅವರ ಹಳೆಯ ಜಲಪ್ರಾಣಿ 'ಜಿಯಾವ್'. ಹೊಳೆಯ ಮಡುವಿನಲ್ಲಿ ಇದ್ದು ಜನರನ್ನು ಎಳೆಯುವುದು, ನೆರೆ ತರುವುದು ಅದರ ಕೆಲಸ. ಸುಮಾರು ಕ್ರಿ.ಶ. 100ರ ಚೀನೀ ನಿಘಂಟು ಒಂದು ಮಾತು ಹೇಳುತ್ತದೆ. ಕೆರೆಯಲ್ಲಿ ಮೀನು 3,600 ಆದರೆ ಜಿಯಾವ್ ಬಂದು ಅವುಗಳಿಗೆ ಗೌಡನಾಗಿ ಎಲ್ಲವನ್ನೂ ಹಾರಿಸಿಕೊಂಡು ಹೋಗುತ್ತದೆ, ನೀರಿನಲ್ಲಿ ಮೀನಿನ ಬುಟ್ಟಿ ಇಟ್ಟರೆ ಹತ್ತಿರ ಬರುವುದಿಲ್ಲ. ಮೀನು ಸಾಕುವವರ ಮನೆಯಲ್ಲಿ ಹುಟ್ಟಿದ ಮಾತು ಎಂದು ಓದಿದ ಕೂಡಲೇ ತಿಳಿಯುತ್ತದೆ.

ಜಿಯಾವ್‌ನ ಹಿಂದೆಯೂ ಮೊಸಳೆ ಇದೆ ಎಂದು ಬಹಳ ಜನ ಬರೆದಿದ್ದಾರೆ. ಯಾಂಗ್‌ಟ್ಸಿ ಹೊಳೆಯಲ್ಲಿ ಚಿಕ್ಕ ಜಾತಿಯ ಮೊಸಳೆ, ದಕ್ಷಿಣದ ಕರಾವಳಿಯಲ್ಲಿ ದೊಡ್ಡ ಉಪ್ಪುನೀರಿನ ಮೊಸಳೆ ಇದ್ದವು. 819ರಲ್ಲಿ ಹಾನ್ ಯು ಎಂಬ ದೊಡ್ಡ ಸಾಹಿತಿಯನ್ನು, ಚಕ್ರವರ್ತಿಯ ಮುಂದೆ ನೇರ ಮಾತಾಡಿದ ತಪ್ಪಿಗೆ, ದಕ್ಷಿಣದ ಚಾವ್‌ಝೌಗೆ ಅಧಿಕಾರಿಯಾಗಿ ಎಸೆದರು. ಅಲ್ಲಿಯ ಜನ ಮೊಸಳೆಗಳ ಕಾಟದ ದೂರು ಕೊಟ್ಟರು. ಅವನು ಹೊಳೆಗೆ ಒಂದು ಕುರಿ, ಒಂದು ಹಂದಿ ಹಾಕಿಸಿ, ಮೊಸಳೆಗಳಿಗೆ ಸರ್ಕಾರಿ ನೋಟಿಸ್ ಓದಿದ. ಮೂರು ದಿನದಲ್ಲಿ ಸಮುದ್ರಕ್ಕೆ ಹೋಗಿ, ಆಗದಿದ್ದರೆ ಐದು ದಿನ, ಅದೂ ಆಗದಿದ್ದರೆ ಏಳು ದಿನ, ಆಮೇಲೆ ವಿಷದ ಬಾಣ. ಮೊಸಳೆಗಳು ಹೋದವು ಎಂದು ಕಥೆ. ಆ ಹೊಳೆಗೆ ಇವತ್ತೂ ಅವನದೇ ಹೆಸರು, ಹಾನ್ ಹೊಳೆ.

ಸುಮಾರು 250 ವರ್ಷದ ನಂತರ ಬಂದ ಕವಿ ಸು ಷಿ ಒಂದು ಕಡೆ ಬರೆದುಕೊಂಡ. ಹಾನ್ ಯುವಿನ ಜಾತಕದಲ್ಲಿ ಮೋಜಿಯೆ ಇತ್ತು, ನನ್ನ ಜಾತಕದಲ್ಲೂ ಮೋಜಿಯೆ ಇದೆ, ಅದಕ್ಕೇ ನಮ್ಮಿಬ್ಬರಿಗೂ ಜೀವನವಿಡೀ ಜನರ ನಾಲಿಗೆಯ ಕಾಟ ಎಂದು. ಮೋಜಿಯೆ ಅಂದರೆ ಮಕರ ರಾಶಿ. ಬ್ಯಾಬಿಲೋನಿಯಾದ ಆಡುಮೀನು ಭಾರತದಲ್ಲಿ ಮಕರವಾಗಿ, ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಯ ಕವಿಯ ಜಾತಕದಲ್ಲಿ ಕೂತಿತ್ತು. ಇಂದಿಗೂ ಚೀನಾದಲ್ಲಿ ಆ ರಾಶಿಗೆ ಮೋಜಿಯೆ ಎಂದೇ ಹೆಸರು.

ಬಾಯಿ ಯಾರದು?

ಇಲ್ಲಿಯವರೆಗೆ ಓದಿದವರು ಕೇಳಬಹುದು, ಇದೆಲ್ಲ ಗೊತ್ತಾದರೆ ನಮಗೇನು ಬಂತು ಎಂದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಇನ್ನೆರಡು ಕಥೆ ಹೇಳುತ್ತೇವೆ.

ಒಂದು ನಮ್ಮದು, 'ಕೆರೆಗೆ ಹಾರ'. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ನೀರು ಬರುವುದಿಲ್ಲ. ಜೋಯಿಸರನ್ನು ಕೇಳಿದರೆ ಸೊಸೆಯನ್ನು ಕೊಡು ಎನ್ನುತ್ತಾರೆ. ದೊಡ್ಡ ಸೊಸೆಯನ್ನು ಕೊಡುವ ಹಾಗಿಲ್ಲ, ಕಿರಿಯ ಸೊಸೆ ಭಾಗೀರಥಿಯ ಹೆಸರು ಗೊತ್ತಾಗುತ್ತದೆ. ಅವಳಿಗೂ ತಿಳಿಯುತ್ತದೆ, ತವರಿಗೆ ಹೋಗಿ ಬರುತ್ತಾಳೆ, ಕೆರೆಗೆ ಹೋಗುತ್ತಾಳೆ, ನೀರು ಏರುತ್ತದೆ. ನಮ್ಮ ಅವ್ವ, ಅಜ್ಜಿಯರು ಇದನ್ನು ಹಾಡುವಾಗ ಅಳುತ್ತಿದ್ದರು. ಈ ಕಥೆಯಲ್ಲಿ ಮಕರವೂ ಇಲ್ಲ, ಮೊಸಳೆಯೂ ಇಲ್ಲ. ಕೆರೆಗೆ ಬಾಯಿ ಇಲ್ಲ. ಬಾಯಿ ಇದ್ದದ್ದು ಜೋಯಿಸರಿಗೆ ಮತ್ತು ಹಿರಿಯರಿಗೆ.

ಇನ್ನೊಂದು ಚೀನಾದ್ದು. ಕ್ರಿ.ಪೂ. 5ನೇ ಶತಮಾನದಲ್ಲಿ 'ಯೆ' ಎಂಬ ಊರಿಗೆ ಷಿಮೆನ್ ಬಾವ್ ಎಂಬ ಅಧಿಕಾರಿ ಬಂದ. ಅಲ್ಲಿಯ ಜನ ಬಡವಾಗಿದ್ದರು. ಕಾರಣ ಕೇಳಿದರೆ, ಹೊಳೆಯ ದೇವರು ಹೆಬೋಗೆ ವರ್ಷಕ್ಕೊಂದು ಮದುವೆ ಮಾಡಬೇಕು, ಇಲ್ಲದಿದ್ದರೆ ಹೊಳೆ ಊರು ಮುಳುಗಿಸುತ್ತದೆ ಎಂದರು. ಊರ ಹಿರಿಯರು, ಕಚೇರಿಯವರು ಮದುವೆಯ ಹೆಸರಲ್ಲಿ ತೆರಿಗೆ ಎತ್ತುತ್ತಿದ್ದರು. ಸ್ವಲ್ಪ ಖರ್ಚು ಮಾಡಿ ಉಳಿದದ್ದನ್ನು ಮಂತ್ರವಾದಿನಿಯ ಜೊತೆ ಹಂಚಿಕೊಳ್ಳುತ್ತಿದ್ದರು. ಬಡವರ ಮನೆಯ ಹುಡುಗಿಯನ್ನು ಸಿಂಗರಿಸಿ ಹೊಳೆಗೆ ತೇಲಿಬಿಡುತ್ತಿದ್ದರು. ಹುಡುಗಿಯರಿದ್ದ ಮನೆಯವರು ಊರು ಬಿಟ್ಟು ಓಡುತ್ತಿದ್ದರು.

ಮದುವೆಯ ದಿನ ಷಿಮೆನ್ ಬಾವ್ ತಾನೂ ಹೊಳೆ ದಂಡೆಗೆ ಬಂದ. ಹುಡುಗಿಯನ್ನು ನೋಡಿ, ಇವಳು ಅಷ್ಟು ಚೆಲುವೆ ಅಲ್ಲ, ಬೇರೆಯವಳನ್ನು ಹುಡುಕುತ್ತೇವೆ ಎಂದು ಹೆಬೋಗೆ ಹೇಳಿ ಬನ್ನಿ ಎಂದು ಮುದಿ ಮಂತ್ರವಾದಿನಿಯನ್ನು ಹೊಳೆಗೆ ಹಾಕಿಸಿದ. ಅವಳು ವಾಪಸ್ ಬರಲಿಲ್ಲ. ತಡವಾಯಿತೆಂದು ಅವಳ ಶಿಷ್ಯೆಯರನ್ನು ಒಬ್ಬೊಬ್ಬರಾಗಿ ಹಾಕಿಸಿದ. ಹೆಂಗಸರಿಗೆ ಹೇಳಲು ಬರುತ್ತಿಲ್ಲ ಎಂದು ಊರ ಹಿರಿಯನನ್ನು ಹಾಕಿಸಿದ. ಉಳಿದವರ ಕಡೆ ತಿರುಗಿದಾಗ ಎಲ್ಲರೂ ನೆಲಕ್ಕೆ ಹಣೆ ಬಡಿದರು. ಮದುವೆ ಅಂದಿಗೆ ನಿಂತಿತು. ಆಮೇಲೆ ಅವನು ಮಾಡಿದ ಕೆಲಸವೇ ದೊಡ್ಡದು. ಜನರನ್ನು ಕೂಡಿಸಿ 12 ಕಾಲುವೆ ತೋಡಿಸಿ ಹೊಳೆಯ ನೀರನ್ನು ಹೊಲಕ್ಕೆ ತಂದ. ಸಿಮಾ ಚಿಯೆನ್ ಎಂಬ ಇತಿಹಾಸಕಾರನ ಗ್ರಂಥದಲ್ಲಿ ಈ ಕಥೆ ಇದೆ.

ನೀರಿನ ಪ್ರಾಣಿಗೆ ಎರಡು ಉಪಯೋಗ ಎಂಬುದು ಈ ಕಥೆಗಳಿಂದ ತಿಳಿಯುತ್ತದೆ. ಒಂದು, ನೀರಿನ ಬಗ್ಗೆ ಎಚ್ಚರ ಇರಲಿ ಎಂದು ಮಕ್ಕಳಿಗೂ ರಾಜರಿಗೂ ಹೇಳುವುದು. ಇನ್ನೊಂದು, ಮನುಷ್ಯರು ಮಾಡಿದ್ದನ್ನು ಪ್ರಾಣಿಯ ತಲೆಗೆ ಕಟ್ಟುವುದು. ಮೊದಲನೆಯದನ್ನು ಉಳಿಸಿಕೊಳ್ಳಬೇಕು, ಎರಡನೆಯದನ್ನು ಗುರುತು ಹಿಡಿಯಬೇಕು.

ನಮ್ಮ ಸೀಮೆಗೆ ಎರಡೂ ಬೇಕು. ನವಿಲುತೀರ್ಥದ ಅಣೆಕಟ್ಟೆ ಮುಗಿದದ್ದು 1972ರಲ್ಲಿ. ಅದರ ಅಚ್ಚುಕಟ್ಟಿನ ರೈತರ ಮೇಲೆ ಕರ ಹೇರಿದ್ದಕ್ಕೆ ನರಗುಂದ, ನವಲಗುಂದದಲ್ಲಿ 1980ರ ಜುಲೈ 21ರಂದು ಗೋಲಿಬಾರ್ ಆಗಿ ರೈತರು ಸತ್ತರು. ಹಲವು ವರ್ಷ ಅಣೆಕಟ್ಟೆ ತುಂಬಲೇ ಇಲ್ಲ, ಕಳಸಾ ಬಂಡೂರಿಗಾಗಿ ಜನ ಬೀದಿಯಲ್ಲಿ ಕೂತರು. 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ಮುನವಳ್ಳಿಗೆ, ರಾಮದುರ್ಗಕ್ಕೆ ನುಗ್ಗಿ ಮನೆಗಳನ್ನು ಕೆಡವಿತು. ಬರದಲ್ಲೂ ನೆರೆಯಲ್ಲೂ ಕೇಳಿಬರುವ ಮಾತು ಒಂದೇ, 'ಹೊಳಿ ಮುನಿಸಕೊಂತು'. ಹೊಳೆ ಮುನಿಸಿಕೊಂಡದ್ದೆಷ್ಟು, ದಂಡೆ ಒತ್ತಿ ಕಟ್ಟಿದ್ದೆಷ್ಟು, ಮರಳು ಎತ್ತಿದ್ದೆಷ್ಟು, ನೀರು ಬಿಡುವ ಮುನ್ನ ಹೇಳಿದ್ದೆಷ್ಟು ಎಂದು ಷಿಮೆನ್ ಬಾವ್‌ನ ಹಾಗೆ ಕೇಳಬೇಕು. ಸವದತ್ತಿ ಯಲ್ಲಮ್ಮನ ಕಥೆಯಲ್ಲಿ ರೇಣುಕೆ ಮರಳಿನ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿ ಮಲಪ್ರಭೆಯಿಂದ ನೀರು ತರುತ್ತಿದ್ದಳು. ಆ ಕೊಡಕ್ಕೆ ಮರಳಾದರೂ ಹೊಳೆಯಲ್ಲಿ ಉಳಿಯಬೇಕಲ್ಲ.

ಕಲ್ಲಿನ ಮಕರಗಳದ್ದೂ ಇದೇ ಪಾಡು. ಜೀರ್ಣೋದ್ಧಾರದ ಹೆಸರಲ್ಲಿ ಹಳೆ ಬಾಗಿಲವಾಡ ಕಿತ್ತು ಗ್ರಾನೈಟ್ ಕೂರಿಸುವುದು, ಕೆತ್ತನೆಗೆ ಆಯಿಲ್ ಪೇಂಟ್ ಬಳಿಯುವುದು, ಒಡೆದ ಸೊಂಡಿಲಿಗೆ ಸಿಮೆಂಟ್ ಮೆತ್ತುವುದು ನಾವೆಲ್ಲ ನೋಡಿದ್ದೇ. ಭಕ್ತಿಯಿಂದಲೇ ಮಾಡುತ್ತಾರೆ, ಆದರೆ ಬಣ್ಣದ ಕೆಳಗೆ ಕಲ್ಲು ಉಸಿರಾಡುವುದಿಲ್ಲ, ಒಳಗಿನ ತೇವಕ್ಕೆ ಪದರ ಪದರ ಎದ್ದು ಬರುತ್ತದೆ. ಗುಡಿಯ ಹಿಂದೆ ಬೇವಿನ ಮರದ ಕೆಳಗೆ ಒರಗಿಸಿಟ್ಟ ಒಂದು ತುಂಡು ಮಕರವೂ 100 ವರ್ಷ ಮೀರಿದ್ದರೆ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು. ಅದನ್ನು ಮಾರಿ ಹೊರದೇಶಕ್ಕೆ ಸಾಗಿಸುವುದು ಅಪರಾಧ.

ಹಾಗಾಗಿ ನಮ್ಮ ಬೇಡಿಕೆ ಚಿಕ್ಕದು. ನಿಮ್ಮೂರ ಹಳೇ ಗುಡಿಯ ಕಮಾನು, ಬಾಗಿಲವಾಡ, ನೀರು ಬೀಳುವ ಬಾಯಿ ಇವುಗಳ ಫೋಟೊ ಇವತ್ತೇ ತೆಗೆದಿಡಿ, ಊರ ಹೆಸರು, ಗುಡಿಯ ಹೆಸರು, ತಾರೀಕು ಬರೆದಿಡಿ. ಗುಡಿ ಕಮಿಟಿಯವರು ಬಣ್ಣದ ಡಬ್ಬಿ ತರುವ ಮುಂಚೆ ಒಮ್ಮೆ ಕೂತು ಮಾತಾಡಿ, ಪುರಾತತ್ವ ಇಲಾಖೆಗೆ ಒಂದು ಅರ್ಜಿ ಕೊಡಿ. ಮಕ್ಕಳು 'ಇದೇನು ಡ್ರ್ಯಾಗನ್ನಾ?' ಎಂದು ಕೇಳಿದರೆ ಹೇಳಿ, 'ಅಲ್ಲೋ ತಮ್ಮಾ, ಅದು ನಮ್ಮ ಹೊಳಿ ಮೊಸಳಿ. ಡ್ರ್ಯಾಗನ್ ಇರೋ ಊರಿಗೂ ಹೋಗಿ ಬಂದೈತಿ.'